ರಿಪೀಟರ್ ಜ್ಯಾಮ್ ಮಾಡುತ್ತಿದ್ದವರನ್ನು ಹಿಡಿದದ್ದು: ನನ್ನ ಅನುಭವ

"ಸುಮ್ನೆ ಬಿಡಿ ಸರ್, ಬೇಜಾರಾದ್ರೆ ತಾನೇ ಹೋಗ್ತಾನೆ."

ನಮ್ಮ ರಿಪೀಟರ್‌ನಲ್ಲಿ (ಸಣ್ಣ ಸೆಟ್‌ಗಳ ಸಿಗ್ನಲ್ ಹಿಡಿದು ಜೋರಾಗಿ ಮತ್ತೆ ಕಳಿಸುವ ಸ್ಟೇಷನ್) ಬೇಕಂತಲೇ ಅಡ್ಡ ಬಂದು ಮಾತು ಕೆಡಿಸುತ್ತಿದ್ದ, ಅಂದರೆ ಜ್ಯಾಮ್ ಮಾಡುತ್ತಿದ್ದ ಒಬ್ಬನ ಬಗ್ಗೆ ಒಂದು ವರ್ಷದ ಮೇಲೆ ಈ ಮಾತು ಕೇಳಿದ್ದೇನೆ. ಹೇಳಿದವರೆಲ್ಲ ನನಗಿಂತ ಹಳೇ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವರು. ಅವನು ಹೋಗಲಿಲ್ಲ. ಕೊನೆಗೆ ಸಿಕ್ಕಿದ. ಹೇಗೆ ಸಿಕ್ಕಿದ ಅಂತ ನಾಲ್ಕೈದು ಊರಿನ ಗೆಳೆಯರು ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತು), ಬಡಾವಣೆ ಯಾವುದನ್ನೂ ಬರೆಯುವುದಿಲ್ಲ.

ಮೈಸೂರು ಕಡೆಯ ನಮ್ಮ ಎರಡು ಮೀಟರ್ ತರಂಗಾಂತರದ ರಿಪೀಟರ್‌ನಲ್ಲಿ ದಿನಾ ರಾತ್ರಿ ಎಂಟೂವರೆಗೆ ನೆಟ್ (ಎಲ್ಲರೂ ಸರದಿಯಲ್ಲಿ ಮಾತಾಡುವ ಕೂಟ), ಭಾನುವಾರ ಬೆಳಗ್ಗೆ ಹತ್ತೂವರೆಗೆ ಇನ್ನೊಂದು. 2021ರ ಮಳೆಗಾಲದಲ್ಲಿ ಈ ಕಾಟ ಶುರುವಾಯಿತು. ಮೊದಲು ಬರೀ ಕ್ಯಾರಿಯರ್ (ಮಾತಿಲ್ಲದ ಖಾಲಿ ಸಿಗ್ನಲ್). ಆಮೇಲೆ ಹಳೇ ಸಿನಿಮಾ ಹಾಡು. ಆಮೇಲೆ ನೆಟ್ ಕಂಟ್ರೋಲ್ ಮಾಡುವವರು ಕಾಲ್‌ಸೈನ್ ಹೇಳುವ ಹೊತ್ತಿಗೆ ಸರಿಯಾಗಿ ಒಂದು ಶಿಳ್ಳೆ. ಬೇರೆ ಯಾರು ಮಾತಾಡಿದರೂ ಸುಮ್ಮನಿರುತ್ತಿದ್ದ. ಆ ಒಬ್ಬರು ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದರೆ ಮಾತ್ರ ಇವನೂ ಒತ್ತುತ್ತಿದ್ದ.

ಎಲ್ಲರೂ "ಯಾರೋ ಹುಡುಗರು, ಎರಡು ಸಾವಿರದ, ಕೈಲಿ ಹಿಡಿಯೋ ಚೀನಾ ಹ್ಯಾಂಡಿ ಸೆಟ್ ತಗೊಂಡು ಆಟ ಆಡ್ತಿದ್ದಾರೆ" ಅಂದರು. ನನಗೆ ಮೊದಲಿನಿಂದಲೂ ಇದು ನಮ್ಮವರದೇ ಕೆಲಸ ಅನ್ನಿಸಿತ್ತು. ಹುಡುಗರಾಗಿದ್ದರೆ ಬೈಯುತ್ತಾರೆ, ನಗುತ್ತಾರೆ, ವಾರಕ್ಕೆ ಬೇಸರ ಬಂದು ಬಿಡುತ್ತಾರೆ. ಇವನಿಗೆ ನೆಟ್ ನಡೆಯುವ ಕ್ರಮ ಗೊತ್ತಿತ್ತು. ಒಬ್ಬರ ಮೇಲೆ ಸಿಟ್ಟೂ ಇತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಇನ್‌ಪುಟ್ ಟೋನ್ (ರಿಪೀಟರ್ ತೆರೆಯಲು ಮಾತಿನ ಜೊತೆ ಹೋಗಬೇಕಾದ ಸಣ್ಣ ಸ್ವರ) ಬದಲಾಯಿಸಿದೆವು. ಹೊಸ ಟೋನ್ ಏನು ಅಂತ ಎದುರಾಬದುರು ಸಿಕ್ಕಾಗ ಮಾತ್ರ ಹೇಳಿದೆವು. ಎರಡೇ ದಿನಕ್ಕೆ ಹೊಸ ಟೋನ್‌ನಲ್ಲೇ ಬಂದ. "ನೋಡಿ, ನಮ್ಮವರೇ" ಅಂತ ನಾನು ಕುಣಿದೆ. ಆದರೆ ಇನ್‌ಪುಟ್ (ನಾವು ರಿಪೀಟರ್‌ಗೆ ಕಳಿಸುವ ಫ್ರೀಕ್ವೆನ್ಸಿ) ಕೇಳಿಸುವ ಜಾಗದಲ್ಲಿ ಕೂತು ಹ್ಯಾಂಡಿಯಲ್ಲಿ ಟೋನ್ ಸ್ಕ್ಯಾನ್ ಮಾಡಿದರೆ ಯಾರಿಗಾದರೂ ಸಿಗುತ್ತದೆ, ಅಲ್ವಾ? ಅದು ಸಾಕ್ಷಿ ಅಲ್ಲ. ನಮ್ಮಲ್ಲೇ ಇಬ್ಬರು ಹಳೇ ಸೆಟ್‌ನವರಿಗೆ ಹೊಸ ಟೋನ್ ಹಾಕಲು ಬಾರದೆ ಮೂರು ವಾರ ನೆಟ್ ತಪ್ಪಿದ್ದೊಂದೇ ಲಾಭ.

ಆಮೇಲೆ ನನಗೆ ಸಿಗ್ನಲ್ ಬರುವ ದಿಕ್ಕು ಹೇಳುವ ಡಾಪ್ಲರ್ ಯಂತ್ರದ ಹುಚ್ಚು ಹಿಡಿಯಿತು. ಕಾರಿನ ಮೇಲೆ ನಾಲ್ಕು ಕ್ವಾರ್ಟರ್ ವೇವ್ ಆಂಟೆನಾ, ಅವನ್ನು ಒಂದಾದ ಮೇಲೊಂದು ಸ್ವಿಚ್ ಮಾಡುವ ಸರ್ಕ್ಯೂಟ್, ದಿಕ್ಕು ತೋರಿಸಲು ಎಲ್‌ಇಡಿಗಳ ಉಂಗುರ. ಬೆಂಗಳೂರಿನ ಎಸ್‌ಪಿ ರೋಡಿಗೆ ಮೂರು ಸಲ ಹೋಗಿ ಬಂದೆ. ಒಟ್ಟು ಒಂಬತ್ತು ಸಾವಿರದ ಹತ್ತಿರ ಆಯಿತು. ರಿಂಗ್ ರೋಡಿನ ಬಯಲಲ್ಲಿ ಗೆಳೆಯನ ಹ್ಯಾಂಡಿಯನ್ನು ಚೆನ್ನಾಗಿಯೇ ತೋರಿಸಿತು. ಊರೊಳಗೆ ಬಂದರೆ ಮನೆ, ಲಾರಿ, ಟ್ಯಾಂಕು ಎಲ್ಲದಕ್ಕೂ ಬಡಿದು ಬರುವ ಸಿಗ್ನಲ್‌ಗೆ ಉಂಗುರ ಬುಗುರಿ ಥರ ಸುತ್ತುತ್ತಿತ್ತು. ಅವನು ಒತ್ತುತ್ತಿದ್ದದ್ದೂ ಆರೇಳು ಸೆಕೆಂಡ್. ಅಷ್ಟರಲ್ಲಿ ಏನು ನೋಡುವುದು? ಅದನ್ನು ಬಿಚ್ಚಿ ನಾಲ್ಕು ಮ್ಯಾಗ್ನೆಟ್ ಮೌಂಟ್ ಮಾರಿದೆ. ಎರಡು ಸಾವಿರ ವಾಪಸ್ ಬಂತು.

ಕೊನೆಗೆ ಕೆಲಸ ಮಾಡಿದ್ದು ಟೇಪ್ ಯಾಗಿ. ಅಳತೆ ಟೇಪಿನ ತುಂಡುಗಳಿಂದ ಕಟ್ಟುವ, ದಿಕ್ಕು ಹುಡುಕುವ ಆಂಟೆನಾ. ಹಿಂದಿನ ತುಂಡು (ರಿಫ್ಲೆಕ್ಟರ್) ನೂರೈದು ಸೆಂಟಿಮೀಟರ್ ಹತ್ತಿರ, ಮುಂದಿನದು (ಡೈರೆಕ್ಟರ್) ಎಂಬತ್ತೊಂಬತ್ತು, ನಡುವಿನದು ನಲವತ್ತೈದರ ಎರಡು ತುಂಡು, ಒಂದು ಹೇರ್‌ಪಿನ್. ನಡುವಿನದರಿಂದ ಹಿಂದಕ್ಕೆ ಇಪ್ಪತ್ತು, ಮುಂದಕ್ಕೆ ಮೂವತ್ತೆರಡು ಸೆಂಟಿಮೀಟರ್ ಅಂತರ. ಟೇಪು, ಪಿವಿಸಿ ಪೈಪು, ಕ್ಲಾಂಪು ಸೇರಿ ನಾನೂರು ರೂಪಾಯಿ ದಾಟಲಿಲ್ಲ. ಇದರ ಮುಂದುಗಡೆಯ ಗೇನ್ ನೋಡಬೇಡಿ, ಹಿಂದುಗಡೆಯ ನಲ್ (ಸಿಗ್ನಲ್ ತೀರಾ ಕುಗ್ಗುವ ದಿಕ್ಕು) ನೋಡಿ. ದಿಕ್ಕು ಸರಿಯಾಗಿ ಸಿಗುವುದು ಅಲ್ಲಿ.

ಹತ್ತಿರ ಹೋದಾಗ ಎಸ್ ಮೀಟರ್ (ಸಿಗ್ನಲ್‌ನ ಜೋರು ತೋರಿಸುವುದು) ಪೂರ್ತಿ ತುಂಬಿ ನಿಲ್ಲುತ್ತದಲ್ಲ, ಅದಕ್ಕೆ ನಾಲ್ಕು ಮೆಗಾಹರ್ಟ್ಸ್ ಕ್ರಿಸ್ಟಲ್‌ನ ಆಫ್‌ಸೆಟ್ ಅಟೆನ್ಯುಯೇಟರ್, ಅಂದರೆ ಸಿಗ್ನಲ್ಲನ್ನು ಪಕ್ಕದ ಫ್ರೀಕ್ವೆನ್ಸಿಗೆ ಸರಿಸಿ ಬೇಕಾದಷ್ಟು ಕುಗ್ಗಿಸುವ ಸರ್ಕ್ಯೂಟ್. ಕ್ರಿಸ್ಟಲ್‌ಗೆ ಹದಿನೈದು ರೂಪಾಯಿ. ಡಬ್ಬದ ವಿಷಯದಲ್ಲಿ ಮಾತ್ರ ನನಗೆ ಚೆನ್ನಾಗಿ ಬಿತ್ತು. ಮೊದಲು ಪ್ಲಾಸ್ಟಿಕ್ ಸೋಪ್ ಡಬ್ಬದಲ್ಲಿ ಕಟ್ಟಿದೆ, ಸಿಗ್ನಲ್ ಎಲ್ಲಾ ಕಡೆಯಿಂದ ನುಗ್ಗುತ್ತಿತ್ತು. ಆಮೇಲೆ ಮನೆಯ ಸ್ಟೀಲ್ ಟಿಫನ್ ಡಬ್ಬಕ್ಕೆ ತೂತು ಕೊರೆದೆ. ಸ್ಟೀಲ್‌ಗೆ ಬೆಸುಗೆ ಹಿಡಿಯಲ್ಲ ಅನ್ನುವುದು ತೂತು ಕೊರೆದ ಮೇಲೆ ನೆನಪಾಯಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಕೊನೆಗೆ ಹಳೇ ತುಪ್ಪದ ತಗಡಿನ ಡಬ್ಬ ಸಿಕ್ಕಿತು. ಅದರಲ್ಲಿ ಕಟ್ಟಿದ್ದು ಇವತ್ತಿಗೂ ಕೆಲಸ ಮಾಡುತ್ತಿದೆ. ಇನ್‌ಪುಟ್‌ಗಿಂತ ನಾಲ್ಕು ಮೆಗಾಹರ್ಟ್ಸ್ ಮೇಲೆ ಕೇಳಿಕೊಂಡು ಗೇಟಿನ ಹತ್ತಿರದವರೆಗೂ ಹೋಗಬಹುದು.

ಸಾಮಾನು ಸರಿಯಾಯಿತು, ನಾನು ಸರಿಯಾಗಲಿಲ್ಲ. ಒಬ್ಬನೇ ಸ್ಕೂಟರ್ ಹತ್ತಿ ಹೊರಡುತ್ತಿದ್ದೆ. ಮೊದಲ ತಿಂಗಳು ಎಲ್ಲಾ ಬೇರಿಂಗೂ (ಸಿಗ್ನಲ್ ಬಂದ ದಿಕ್ಕು) ಚಾಮುಂಡಿ ಬೆಟ್ಟದ ಕಡೆ. ಜ್ಯಾಮರ್ ಬೆಟ್ಟದ ಮೇಲೇ ಕೂತಿದ್ದಾನೆ ಅಂತ ಎರಡು ಭಾನುವಾರ ಮೇಲೆ ಹೋಗಿ ಬಂದೆ. ದೇವರ ದರ್ಶನ ಆಯಿತು, ಅಷ್ಟೇ. ಸಿಗ್ನಲ್ ಬೆಟ್ಟಕ್ಕೆ ಬಡಿದು ನಮ್ಮ ಮನೆಗೆ ಬರುತ್ತಿತ್ತು. ನನಗೂ ಅವನಿಗೂ ನಡುವೆ ದೊಡ್ಡ ಅಪಾರ್ಟ್‌ಮೆಂಟ್ ಇದ್ದದ್ದರಿಂದ ನೇರ ಸಿಗ್ನಲ್‌ಗಿಂತ ಬಡಿದು ಬಂದದ್ದೇ ಜೋರು.

ಇನ್ನೊಂದು ನಾಚಿಕೆಯ ಕಥೆ. ಒಂದು ರಾತ್ರಿ ಬೇರಿಂಗ್ ಹಿಡಿದು ಹೋದರೆ ಎದುರಿಗೆ ಒಂದು ಮನೆ, ತಾರಸಿಯ ಮೇಲೆ ಎತ್ತರದ ಕಂಬ. ಇದೇ ಅಂತ ಬೆಲ್ ಒತ್ತಿದೆ. ನಿವೃತ್ತ ಮೇಷ್ಟ್ರೊಬ್ಬರು ಬಂದರು. ಕಂಬ ಇಂಟರ್‌ನೆಟ್‌ನದು. ನಾನು ತೊದಲುತ್ತಾ ಕ್ಷಮೆ ಕೇಳುತ್ತಿದ್ದೆ. ಕೈಯಲ್ಲಿದ್ದ ಟೇಪ್ ಯಾಗಿಯನ್ನು ನೋಡಿ ಅವರ ಹೆಂಡತಿ, "ನೀರು ನೋಡೋರಾ? ನಮ್ಮ ಬೋರ್‌ವೆಲ್ ಬತ್ತೋಗಿದೆ, ಹಿಂದುಗಡೆ ಒಂದು ಸಲ ನೋಡ್ತೀರಾ?" ಅಂದರು. ಅವತ್ತಿನಿಂದ ಒಬ್ಬನೇ ಹೋಗುವುದನ್ನೂ, ಯಾರ ಮನೆ ಬೆಲ್ ಒತ್ತುವುದನ್ನೂ ಬಿಟ್ಟೆ.

ಆಮೇಲೆ ನಾಲ್ಕು ಮನೆಯಲ್ಲಿ ನಾಲ್ಕು ಜನ. ಎಲ್ಲರ ಹತ್ತಿರವೂ ಒಂದೊಂದು ಟೇಪ್ ಯಾಗಿ, ಒಂದೇ ನಮೂನೆಯ ಹಾಳೆ. ತಾರೀಖು, ಹೊತ್ತು, ದಿಕ್ಕು, ಎಷ್ಟು ಸೆಕೆಂಡ್, ಏನು ಕೇಳಿಸಿತು. ರಿಪೀಟರ್‌ನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಫೋನಲ್ಲೂ ಕಡಿಮೆ. ಮೂರು ತಿಂಗಳಿಗೆ ನೂರಾ ಎಂಬತ್ತರ ಆಸುಪಾಸು ಸಾಲು ಆಯಿತು. ಗೆರೆ ಎಳೆದರೆ ಎರಡು ಕಿಲೋಮೀಟರ್ ಉದ್ದಗಲದ ಒಂದು ಜಾಗ ಸಿಕ್ಕಿತು. ಅದರೊಳಗೆ ಸಾವಿರಾರು ಮನೆ.

ಅವನನ್ನು ಆರು ಸೆಕೆಂಡ್ ಬದಲು ನಲವತ್ತು ಸೆಕೆಂಡ್ ಒತ್ತಿಸಲು ನಾವು ಒಂದು ಉಪಾಯ ಮಾಡಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಬ್ಬ ಜ್ಯಾಮರ್ ಓದಿಬಿಟ್ಟರೆ ಮುಗಿಯಿತು. ಬೇಕಾದವರು ಸಿಕ್ಕಾಗ ಕೇಳಿ.

ಈ ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಮೂರು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ರೇಡಿಯೋ ರಿಸೀವರ್) ಮೂರು ಮನೆಯಲ್ಲಿಟ್ಟು, ಸಿಗ್ನಲ್ ಯಾರಿಗೆ ಮೊದಲು ತಲುಪಿತು ಅಂತ ಲೆಕ್ಕ ಹಾಕಿ ಜಾಗ ಹಿಡಿಯುವುದು. ಮೂರರ ಗಡಿಯಾರ ಹೊಂದಿಸಲು ಮೈಸೂರು ಆಕಾಶವಾಣಿಯ 100.6 ಎಫ್‌ಎಂ ಅನ್ನೇ ಗುರುತಾಗಿ ಹಿಡಿದೆ. 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಊರು ಇದು, ಆ ಸ್ಟೇಷನ್ ನಮಗೆ ಇಷ್ಟಾದರೂ ಉಪಕಾರ ಮಾಡದೇ ಇರುತ್ತದಾ ಅನ್ನಿಸಿತ್ತು. ಗಡಿಯಾರವೇನೋ ಹೊಂದಿತು. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಅಂದರೆ ಒಂದೊಂದು ಸ್ಯಾಂಪಲ್‌ನ ಹೊತ್ತಲ್ಲಿ ಸಿಗ್ನಲ್ ಹೋಗುವುದು ಸುಮಾರು 125 ಮೀಟರ್, ಪರವಾಗಿಲ್ಲ. ಆದರೆ ಜ್ಯಾಮರ್‌ನ ಸಿಗ್ನಲ್ ಹತ್ತು ಹನ್ನೆರಡು ಕಿಲೋಹರ್ಟ್ಸ್ ಅಗಲ ಅಷ್ಟೇ. ಅಷ್ಟು ಸಣ್ಣ ಸಿಗ್ನಲ್ಲನ್ನು ಒಂದರ ಮೇಲೊಂದು ಕೂರಿಸಿ ನೋಡಿದರೆ ಸಿಕ್ಕ ಉತ್ತರ ಅಂದರೆ ಅರ್ಧ ಮೈಸೂರು. ಹತ್ತು ಸಾವಿರ ರೂಪಾಯಿ, ಆರು ವಾರ ಹೋಯಿತು. ಆದರೂ ಬೇಸರ ಇಲ್ಲ, ಡಾಂಗಲ್ ಬೇರೆ ಕೆಲಸಕ್ಕೆ ಬಂತು.

ಆ ಕೆಲಸ ಏನಂದರೆ, ಪಿಟಿಟಿ ಒತ್ತಿದ ತಕ್ಷಣ ಸೆಟ್ಟಿನ ಪಿಎಲ್‌ಎಲ್ (ಫ್ರೀಕ್ವೆನ್ಸಿ ಹಿಡಿದು ನಿಲ್ಲಿಸುವ ಸರ್ಕ್ಯೂಟ್) ಲಾಕ್ ಆಗುವ ಮೊದಲು ಫ್ರೀಕ್ವೆನ್ಸಿ ಒಂದು ಸಣ್ಣ ಕುಣಿತ ಕುಣಿಯುತ್ತದೆ. ಕೆಲವೇ ಮಿಲಿಸೆಕೆಂಡ್. ಒಂದೇ ಮಾಡೆಲ್‌ನ ಎರಡು ಸೆಟ್‌ಗೂ ಇದು ಬೇರೆ ಬೇರೆ ಇರುವುದುಂಟು. ನಮ್ಮ ಮನೆಗೆ ಇನ್‌ಪುಟ್‌ನಲ್ಲಿ ನೇರ ಕೇಳಿಸುವ ಎಲ್ಲರ ಕುಣಿತವನ್ನೂ ಸುಮ್ಮನೆ ರೆಕಾರ್ಡ್ ಮಾಡಿಟ್ಟಿದ್ದೆ. ನೆಟ್ ಚೆಕ್ ಇನ್, ಕ್ಲಬ್ಬಿನ ಪಿಕ್‌ನಿಕ್, ಯಾವುದನ್ನೂ ಬಿಟ್ಟಿರಲಿಲ್ಲ. ಮೊದಲ ಡಾಂಗಲ್ ಅಗ್ಗದ್ದು, ಅದೇ ಬಿಸಿಯಾಗಿ ಜಾರುತ್ತಿತ್ತು. ಬಿಸಿಯಾದರೂ ಜಾರದ ಕ್ರಿಸ್ಟಲ್ (ಟಿಸಿಎಕ್ಸ್‌ಓ) ಇರುವ, ಒಂದು ಪಿಪಿಎಂನದು (ಹತ್ತು ಲಕ್ಷಕ್ಕೆ ಒಂದರಷ್ಟು ತಪ್ಪು) ತಗೊಂಡ ಮೇಲೆ ಸರಿಯಾಯಿತು. ಎರಡು ಮೀಟರ್‌ನಲ್ಲಿ ಒಂದು ಪಿಪಿಎಂ ಅಂದರೆ ನೂರೈವತ್ತು ಹರ್ಟ್ಸ್‌ಗಿಂತ ಕಡಿಮೆ, ಅಷ್ಟು ಸಾಕು.

ಜ್ಯಾಮರ್‌ನ ಕುಣಿತ ನನ್ನ ರೆಕಾರ್ಡಿಂಗ್‌ನಲ್ಲಿದ್ದ ಯಾರಿಗೂ ಹೊಂದಲಿಲ್ಲ. "ಹೇಳಿದ್ವಲ್ಲ, ಹುಡುಗರೇ" ಅಂದರು ಎಲ್ಲರೂ. ನನಗೂ ಧೈರ್ಯ ಹೋಯಿತು.

ಆಗ ಬಂದದ್ದು ಆ ಭಾನುವಾರ. ಪೇಪರಿನಲ್ಲಿ 'ವಿದ್ಯುತ್ ವ್ಯತ್ಯಯ' ಅಂತ ಪಟ್ಟಿ ಬರುತ್ತದಲ್ಲ, ಅದರಲ್ಲಿ ನಮ್ಮ ಎರಡು ಕಿಲೋಮೀಟರ್ ಜಾಗದ ಅರ್ಧಕ್ಕೆ ಬೆಳಗ್ಗೆ ಹತ್ತರಿಂದ ಕರೆಂಟಿಲ್ಲ ಅಂತಿತ್ತು. ಹತ್ತೂವರೆಗೆ ನೆಟ್. ಅವನು ಬಂದ. ಆದರೆ ಸಿಗ್ನಲ್ ಹತ್ತು ಡಿಬಿಯಷ್ಟು, ಅಂದರೆ ಹತ್ತನೇ ಒಂದು ಪಾಲಿಗೆ, ಇಳಿದಿತ್ತು. ಇಪ್ಪತ್ತೈದು ವ್ಯಾಟಿನಿಂದ ಐದಕ್ಕೆ ಬಂದರೆ ಏಳು ಡಿಬಿ, ಉಳಿದದ್ದು ತೆಳು ಕೇಬಲ್ ಇರಬೇಕು. ಅಂದರೆ ಮೇನ್ಸ್‌ನಲ್ಲಿ ಓಡುವ ಸೆಟ್ ಬಿಟ್ಟು ಹ್ಯಾಂಡಿ ಹಿಡಿದಿದ್ದ. ಅರ್ಧ ಜಾಗ ಒಂದೇ ಏಟಿಗೆ ಪಟ್ಟಿಯಿಂದ ಹೋಯಿತು. ಅದಕ್ಕಿಂತ ದೊಡ್ಡದು, ಈ ಹ್ಯಾಂಡಿಯ ಕುಣಿತವನ್ನು ನಾನು ಎಲ್ಲೋ ನೋಡಿದ್ದೆ. ಪಿಕ್‌ನಿಕ್ ರೆಕಾರ್ಡಿಂಗ್ ತೆಗೆದೆ. ಅದೇ ಸೆಟ್. ಅದರಲ್ಲಿ ಅವರೇ ಚೆಂದವಾಗಿ ತಮ್ಮ ಕಾಲ್‌ಸೈನ್ ಹೇಳಿದ್ದರು.

ಅಲ್ಲಿಯವರೆಗೆ 'ಅವನು' ಆಗಿದ್ದವರು ಆ ಕ್ಷಣ 'ಅವರು' ಆದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಶ್ಯಾಕ್‌ನಲ್ಲಿ (ರೇಡಿಯೋ ಕೋಣೆಯಲ್ಲಿ) ಒಂದು ಹನ್ನೆರಡು ವೋಲ್ಟಿನ ಬ್ಯಾಟರಿ ಇಟ್ಟಿದ್ದರೆ ನಾನು ಇನ್ನೂ ಹುಡುಕುತ್ತಲೇ ಇರುತ್ತಿದ್ದೆ.

ಆಮೇಲೆ ಎರಡು ರಾತ್ರಿ ನಾಲ್ಕು ಜನ ಎರಡು ಸ್ಕೂಟರ್‌ನಲ್ಲಿ ಹೋಗಿ, ತುಪ್ಪದ ಡಬ್ಬ ಹಿಡಿದು ಬೀದಿಯವರೆಗೆ ಖಾತ್ರಿ ಮಾಡಿಕೊಂಡೆವು. ಬೆಲ್ ಒತ್ತಲಿಲ್ಲ.

ಈಗ ಅರ್ಜಿ. ರೇಡಿಯೋ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಗಳಿಗೆ ವರ್ಷದ ಹಿಂದೆಯೇ ಒಂದು ಕಳಿಸಿದ್ದೆ. "ಯಾರೋ ತೊಂದರೆ ಕೊಡುತ್ತಿದ್ದಾರೆ, ದಯವಿಟ್ಟು ಕ್ರಮ ಕೈಗೊಳ್ಳಿ" ಅಂತ ಒಂದು ಪುಟ. ಅದರಿಂದ ಏನೂ ಆಗಲಿಲ್ಲ, ಆಗಲು ಅದರಲ್ಲಿ ಏನೂ ಇರಲಿಲ್ಲ. ಆರು ಸೆಕೆಂಡಿನ ಶಿಳ್ಳೆಗೆ ಯಾರು ವ್ಯಾನ್ ತಗೊಂಡು ಬರುತ್ತಾರೆ? ಎರಡನೆಯದು ನಲವತ್ತು ಪುಟ. ನಾಲ್ಕು ಜನರ ಹಾಳೆ, ಸಹಿ, ನಕ್ಷೆ, ಪೆನ್‌ಡ್ರೈವ್‌ನಲ್ಲಿ ರೆಕಾರ್ಡಿಂಗ್. ಯಾವ ವಾರ, ಯಾವ ಹೊತ್ತಿಗೆ ಬಂದರೆ ಖಂಡಿತ ಕೇಳಿಸುತ್ತದೆ ಅಂತ ಒಂದು ಪಟ್ಟಿ. ಈ ಕೊನೆಯ ಪಟ್ಟಿಯೇ ಕೆಲಸ ಮಾಡಿದ್ದು ಅನ್ನುವುದು ನನ್ನ ಲೆಕ್ಕ. ಹೆಸರನ್ನು ಮಾತ್ರ ಬರೆಯಲಿಲ್ಲ, ಬೀದಿಯವರೆಗೆ ಬರೆದೆ. ಹೆಸರು ನಾವು ಹೇಳಿದರೆ ಜಗಳ ಅನ್ನುತ್ತಾರೆ. ಅಳೆದು ಅವರೇ ಕಂಡುಕೊಂಡರೆ ಅದಕ್ಕೆ ಬೆಲೆ.

ಶಿಕ್ಷೆಯ ಬಗ್ಗೆ ನಮ್ಮಲ್ಲೇ ಜಗಳ ಆಯಿತು. ಆಗ ಇನ್ನೂ 1933ರ ವೈರ್‌ಲೆಸ್ ಕಾಯ್ದೆ ಇತ್ತು. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಂಡರೆ ಮೂರು ವರ್ಷ ಜೈಲು, ಇಲ್ಲವೇ ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಇರುವವರಿಗೆ 1978ರ ಅಮೆಚೂರ್ (ಹವ್ಯಾಸಿ ರೇಡಿಯೋ) ನಿಯಮ. ಒಬ್ಬರು "ಅಮೆರಿಕದಲ್ಲಾದ್ರೆ ಜೈಲಿಗೆ ಹಾಕ್ತಾರೆ" ಅಂದರು. ನಿಜವೇ, ಲಾಸ್ ಏಂಜಲೀಸ್‌ನ ಒಬ್ಬರಿಗೆ 2006ರಲ್ಲಿ ಏಳು ವರ್ಷ ಆಗಿದೆ. ಆದರೆ ಅಲ್ಲೂ ಅದು ಅಪರೂಪ. ಅಲ್ಲಿನ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಲ್ಲಿ 1998ರಿಂದ ಹತ್ತು ವರ್ಷದಷ್ಟು ಕಾಲ ಈ ಕೆಲಸ ನೋಡಿಕೊಂಡ ರೈಲಿ ಹಾಲಿಂಗ್ಸ್‌ವರ್ತ್ ಜಾಸ್ತಿ ಮಾಡಿದ್ದು ಎಚ್ಚರಿಕೆ ಪತ್ರ ಬರೆಯುವುದನ್ನೇ. ನಾನೂ ಅಷ್ಟೇ ಕೇಳಿದೆ.

ಎರಡು ತಿಂಗಳ ಮೇಲೆ ಅಧಿಕಾರಿಗಳು ಬಂದರು, ಅವರೇ ಅಳೆದರು, ಅದೇ ಬೀದಿಗೆ ಹೋದರು. ಲಾಗ್ ಬುಕ್ ಕೇಳಿದರಂತೆ, ಸೆಟ್‌ಗಳನ್ನು ನೋಡಿದರಂತೆ. ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟರು. ಅವತ್ತಿನಿಂದ ಇವತ್ತಿನವರೆಗೆ ಒಂದು ಶಿಳ್ಳೆ ಕೇಳಿಲ್ಲ.

ಸಿಟ್ಟು ಯಾಕೆ ಅಂತ ನಮ್ಮ ಹಿರಿಯರೊಬ್ಬರು ಹೋಗಿ ಕೇಳಿದರು. ರಿಪೀಟರ್ ಕಟ್ಟುವಾಗ ಡುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಒಟ್ಟಿಗೇ ಕೇಳಲು, ಕಳಿಸಲು ಬಿಡುವ ಫಿಲ್ಟರ್) ಟ್ಯೂನ್ ಮಾಡಿದ್ದು ಈ ಜ್ಯಾಮ್ ಮಾಡಿದವರೇ. ಉದ್ಘಾಟನೆಯ ದಿನ ನೆಟ್ ಕಂಟ್ರೋಲ್‌ನವರು ಎಲ್ಲರ ಹೆಸರು ಹೇಳಿ ಅವರದೊಂದನ್ನು ಬಿಟ್ಟಿದ್ದರಂತೆ. ಮರೆತು ಬಿಟ್ಟದ್ದೋ ಬೇಕಂತ ಬಿಟ್ಟದ್ದೋ ನನಗೆ ಗೊತ್ತಿಲ್ಲ. ಡುಪ್ಲೆಕ್ಸರ್ ಮಾತ್ರ ಇವತ್ತಿಗೂ ಅವರು ಕೂರಿಸಿದ ಹಾಗೇ ಇದೆ, ಒಂದು ಸ್ಕ್ರೂ ಮುಟ್ಟಿಲ್ಲ.

ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಹತ್ತಿರ, ಪೆಟ್ರೋಲ್ ಬಿಟ್ಟು. ಉಪಯೋಗಕ್ಕೆ ಬಂದದ್ದು ಟೇಪ್ ಯಾಗಿ, ತುಪ್ಪದ ಡಬ್ಬ, ಒಂದು ಒಳ್ಳೇ ಡಾಂಗಲ್. ಎಲ್ಲಾ ಸೇರಿ ಐದು ಸಾವಿರ ಆಗಲ್ಲ. ಡಬ್ಬ ಈಗ ಮಂಡ್ಯದ ಗೆಳೆಯರ ಹತ್ತಿರ ಇದೆ. ಬೇಕಾದವರು ಅವರಿಂದ ಈಸಿಕೊಳ್ಳಿ. ವಾಪಸ್ ಕೊಡುವಾಗ ಒಂಬತ್ತು ವೋಲ್ಟಿನ ಬ್ಯಾಟರಿ ತೆಗೆದು ಕೊಡಿ, ಹೋದ ಸಲ ಸೋರಿ ಕ್ರಿಸ್ಟಲ್‌ನ ಕಾಲು ತಿಂದುಹಾಕಿತ್ತು.