ಮಿನ್-ಸಮ್ ಡಿಕೋಡರ್ ಕಟ್ಟುವುದು ಹೇಗೆ?

5ಜಿ ಫೋನಿಗೆ ಬರುವ ಡೇಟಾದಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸಲು ಎಲ್‌ಡಿಪಿಸಿ ಕೋಡ್ ಬಳಸುತ್ತಾರೆ: ಸಂದೇಶದ ಜೊತೆ ತಾಳೆ ನೋಡಲು ಹೆಚ್ಚುವರಿ ಬಿಟ್‌ಗಳನ್ನೂ ಕಳಿಸುವ ಪದ್ಧತಿ ಇದು. ರಾಬರ್ಟ್ ಗ್ಯಾಲಗರ್ ಇದನ್ನು 1960ರ ದಶಕದ ಆರಂಭದಲ್ಲೇ ರೂಪಿಸಿದ್ದರು. ಆಗಿನ ಯಂತ್ರಗಳಿಗೆ ಅದರ ಲೆಕ್ಕ ವಿಪರೀತ ಭಾರ. ಡಿಕೋಡ್ ಮಾಡುವ, ಅಂದರೆ ತಪ್ಪು ತಿದ್ದಿ ಸಂದೇಶ ತೆಗೆಯುವ, ಪೂರ್ಣ ವಿಧಾನಕ್ಕೆ ಲಾಗರಿದಮ್ ಬೇಕು. ಅದರ ಸರಳ ರೂಪವಾದ ಮಿನ್-ಸಮ್‌ಗೆ ಕೂಡುವುದು, ಕಳೆಯುವುದು, ಹೋಲಿಸುವುದು ಬಂದರೆ ಸಾಕು.

ಮೊದಲು ಪ್ರತಿ ಬಿಟ್‌ಗೂ ಎಲ್‌ಎಲ್‌ಆರ್ ಎಂಬ ಅಂಕಿ ಕೊಡಿ: ಬಿಟ್ 0 ಇರಬಹುದೋ 1 ಇರಬಹುದೋ ಎಂಬ ಅಂದಾಜು ಇದು. ಪ್ಲಸ್ ಎಂದರೆ 0, ಮೈನಸ್ ಎಂದರೆ 1. ಚಿಹ್ನೆ ಬಿಟ್ಟು ನೋಡಿದಾಗ ಅಂಕಿ ದೊಡ್ಡದಾದಷ್ಟೂ ಭರವಸೆ ಹೆಚ್ಚು. −31ರಿಂದ +31ರವರೆಗಿನ ಅಂಕಿಗೆ 6 ಬಿಟ್ ಜಾಗ ಸಾಕು. ರೇಡಿಯೊ ಅಲೆಯಿಂದ ಈ ಅಂಕಿ ತೆಗೆಯುವ ಡಿಮಾಡ್ಯುಲೇಟರ್‌ನ ಚಿಹ್ನೆ ಇದಕ್ಕೆ ಉಲ್ಟಾ ಇದ್ದರೆ ಮುಂದಿನದೆಲ್ಲ ವ್ಯರ್ಥ, ಅದನ್ನು ಮೊದಲೇ ಪರೀಕ್ಷಿಸಿ.

ಈಗ ಒಂದು ಪ್ಯಾರಿಟಿ ಸಾಲು (ಒಟ್ಟಿಗೆ ತಾಳೆ ನೋಡುವ ಬಿಟ್‌ಗಳ ಗುಂಪು) ತೆಗೆದುಕೊಳ್ಳಿ: +24, −8, +20, +12. ಸಾಲಿನಲ್ಲಿ 1ಗಳ ಸಂಖ್ಯೆ ಸಮ ಇರಬೇಕು. ಇಲ್ಲಿ ಒಂದೇ ಇದೆ, ಅಂದರೆ ಎಲ್ಲೋ ತಪ್ಪಿದೆ. ಪ್ರತಿ ಬಿಟ್‌ಗೂ ಉಳಿದ ಮೂರು ಬಿಟ್‌ಗಳಿಂದಲೇ ಉತ್ತರ ಹೋಗಬೇಕು: ಅವುಗಳ ಚಿಹ್ನೆಗಳ ಗುಣಲಬ್ಧ, ಚಿಹ್ನೆ ಬಿಟ್ಟು ನೋಡಿದರೆ ಅವುಗಳಲ್ಲಿ ಅತಿ ಚಿಕ್ಕ ಅಂಕಿ. ಎರಡನೆಯ ಬಿಟ್‌ಗೆ +12, ಮಿಕ್ಕವಕ್ಕೆ −8. ಸಾಲು ಎಷ್ಟೇ ಉದ್ದವಿರಲಿ, ಅತಿ ಚಿಕ್ಕದು, ಅದರ ನಂತರದ ಚಿಕ್ಕದು, ಅತಿ ಚಿಕ್ಕದರ ಸ್ಥಾನ ಮತ್ತು ಚಿಹ್ನೆಗಳನ್ನು ಇಟ್ಟುಕೊಂಡರೆ ಮುಗಿಯಿತು. ಮೆಮೊರಿ ಉಳಿಯುವುದು ಇಲ್ಲಿಯೇ.

ಮಿನ್-ಸಮ್ ಭರವಸೆಯನ್ನು ಇರುವುದಕ್ಕಿಂತ ಹೆಚ್ಚಿಗೆ ಹೇಳುತ್ತದೆ. ಆದ್ದರಿಂದ 0.75ರಿಂದ ಗುಣಿಸಿ: ಅಂಕಿಯಿಂದ ಅದರ ಕಾಲು ಭಾಗ ಕಳೆದರಾಯಿತು, ಗುಣಿಸುವ ಸರ್ಕ್ಯೂಟೇ ಬೇಡ. 12 ಇದ್ದದ್ದು 9, 8 ಇದ್ದದ್ದು 6. ಚಿಹ್ನೆ ಸಮೇತ ಮೊದಲಿನ ಅಂಕಿಗಳಿಗೆ ಕೂಡಿಸಿ: +18, +1, +14, +6. ಎರಡನೆಯ ಬಿಟ್ 1ರಿಂದ 0ಗೆ ತಿರುಗಿತು. ಎಲ್‌ಎಲ್‌ಆರ್‌ಗಳನ್ನು ತೀರಾ ಚಿಕ್ಕದಾಗಿ ಅಳೆದಿದ್ದರೆ ಎಚ್ಚರ: 3ರ ಕಾಲು ಭಾಗ ಪೂರ್ಣಾಂಕದಲ್ಲಿ 0 ಆಗಿ, ತಗ್ಗಿಸುವ ಕೆಲಸವೇ ನಡೆಯುವುದಿಲ್ಲ.

ಹೊಸ ಅಂಕಿಗಳನ್ನೇ ಹಿಡಿದು ಮುಂದಿನ ಸಾಲಿಗೆ ಹೋಗಿ. ಇದೇ ಲೇಯರ್ಡ್ ಕ್ರಮ. ಎಲ್ಲ ಸಾಲುಗಳನ್ನೂ ಒಟ್ಟಿಗೆ ಮಾಡುವುದಕ್ಕಿಂತ ಸುಮಾರು ಅರ್ಧದಷ್ಟು ಸುತ್ತುಗಳಲ್ಲಿ ಮುಗಿಯುತ್ತದೆ. ಅದೇ ಸಾಲಿಗೆ ಮರಳಿದಾಗ ಅದು ಹಿಂದಿನ ಸುತ್ತಿನಲ್ಲಿ ಕೊಟ್ಟ ಉತ್ತರವನ್ನು ಮೊದಲು ಕಳೆಯಲೇಬೇಕು. ಮರೆತರೆ ಸಾಲು ತನ್ನ ಮಾತನ್ನೇ ತಾನು ಕೇಳಿಸಿಕೊಂಡು, ತಪ್ಪು ಬಿಟ್ ಕೂಡ +31ಕ್ಕೆ ಹೋಗಿ ಕೂರುತ್ತದೆ.

ಎಲ್ಲ ಸಾಲುಗಳೂ ಸಮವಾದ ಕೂಡಲೇ ನಿಲ್ಲಿಸಿ, ಬ್ಯಾಟರಿ ಉಳಿಯುತ್ತದೆ. ಆದರೂ ಸಿಆರ್‌ಸಿ (ಸಂದೇಶದ ಜೊತೆ ಬರುವ ಬೇರೆಯ ತಾಳೆ ಸಂಖ್ಯೆ) ನೋಡದೆ ಒಪ್ಪಬೇಡಿ. ಎಲ್ಲ ಸಾಲು ಸರಿಯಿದ್ದೂ ಬೇರೆಯದೇ ಸಂದೇಶ ಬಂದಿರಬಹುದು. ಸಿಆರ್‌ಸಿ ತಪ್ಪಿದರೆ ಮರುಪ್ರಸಾರ ಕೇಳಿ, ಮೊದಲು ಬಂದ ಎಲ್‌ಎಲ್‌ಆರ್‌ಗಳನ್ನು ಎಸೆಯದೆ ಹೊಸದರ ಜೊತೆ ಕೂಡಿಸಿ ಮತ್ತೆ ಓಡಿಸಿ.