ಹರ್‌-2 ಇದೆ ಅಂದ್ರೆ ಸಾಕಾಗಲ್ಲ, ಎಷ್ಟಿದೆ ಅಂತ ಎಣಿಸ್ಬೇಕು: ನನ್ನ ಅನುಭವ

ಹರ್‌-2 ಅಂದ್ರೆ ಕೋಶದ ಮೈಮೇಲಿರೋ ಒಂದು ಪ್ರೋಟೀನ್. ಬ್ರೆಸ್ಟ್ ಕ್ಯಾನ್ಸರ್ ರಿಪೋರ್ಟಲ್ಲಿ ಹರ್‌-2 ಪಾಸಿಟಿವ್ ಅಂದ್ರೆ ಟಾರ್ಗೆಟೆಡ್ ಔಷಧಿ ಹಿಡಿಯತ್ತೆ, ನೆಗೆಟಿವ್ ಅಂದ್ರೆ ಇಲ್ಲ, ಪಿಎಚ್‌ಡಿ ಸೇರೋ ತನಕ ನಾನೂ ಇಷ್ಟೇ ಅಂದ್ಕೊಂಡಿದ್ದೆ. ಆಮೇಲೆ ನಾನೇ ಕೈಯಾರೆ ಎಣಿಸೋಕೆ ಕೂತೆ.

ತಗೊಂಡಿದ್ದು ಎರಡು ಸೆಲ್ ಲೈನ್, ಅಂದ್ರೆ ಲ್ಯಾಬಲ್ಲಿ ಬೆಳೆಸೋ ಬ್ರೆಸ್ಟ್ ಕ್ಯಾನ್ಸರ್ ಕೋಶಗಳು. ಎಸ್‌ಕೆ-ಬಿಆರ್-3ಯಲ್ಲಿ ಒಂದೊಂದು ಕೋಶದ ಮೈಮೇಲೆ ಹತ್ತು ಲಕ್ಷದ ಆಸುಪಾಸು ಹರ್‌-2 ಇರತ್ತೆ, ಎಂಸಿಎಫ್-7ನಲ್ಲಿ ಹತ್ತಾರು ಸಾವಿರ ಅಷ್ಟೇ. ಹರ್‌-2ಗೆ ಹೊಳೆಯೋ ಡೈ ಅಂಟಿಸಿ ಫ್ಲೋ ಸೈಟೋಮೀಟರಲ್ಲಿ (ಒಂದೊಂದೇ ಕೋಶದ ಹೊಳಪು ಅಳೆಯೋ ಯಂತ್ರ) ಬರೀ ಹೊಳಪು ನೋಡಿದ್ರೆ ಈ ಸಂಖ್ಯೆ ಸಿಗಲ್ಲ, ಎಷ್ಟು ಡೈ ಅಂಟಿದೆ ಅಂತ ಮೊದಲೇ ಗೊತ್ತಿರೋ ಬೀಡ್ಸನ್ನ (ಸಣ್ಣ ಮಣಿಗಳನ್ನ) ಅದೇ ಸೆಟ್ಟಿಂಗಲ್ಲಿ ಓಡಿಸಿ ಗ್ರಾಫ್ ಹಾಕ್ಕೊಂಡು ಲೆಕ್ಕ ಮಾಡ್ಬೇಕು. ಮೊದಲ ಸಲ ನಾನು ಕೋಶಗಳನ್ನ ಪ್ಲೇಟಿಂದ ಬಿಡಿಸೋ ಟ್ರಿಪ್ಸಿನ್ ಎಂಜೈಮನ್ನ ಜಾಸ್ತಿ ಹೊತ್ತು ಬಿಟ್ಟುಬಿಟ್ಟೆ, ಅದು ಕೋಶದ ಮೇಲಿನ ಪ್ರೋಟೀನನ್ನೂ ಕತ್ತರಿಸತ್ತೆ, ಲೆಕ್ಕ ಪೂರ್ತಿ ಕಮ್ಮಿ ಬಂತು. ಅವತ್ತಿಂದ ಬರೀ ಇಡಿಟಿಎ ಅನ್ನೋ ರಾಸಾಯನಿಕ ಹಾಕಿ ನಿಧಾನಕ್ಕೆ ಬಿಡಿಸ್ತೀನಿ.

ಆಮೇಲೆ ಟಿ-ಡಿಎಂ1 ಹಾಕಿದೆ. ಇದು ಆಂಟಿಬಾಡಿಯಾದ ಟ್ರಾಸ್ಟುಜುಮ್ಯಾಬ್‌ಗೆ ವಿಷ ಕಟ್ಟಿರೋ ಔಷಧಿ, ಹರ್‌-2ಗೆ ಅಂಟ್ಕೊಂಡು ಕೋಶದ ಒಳಗೆ ಹೋಗಿ, ಲೈಸೊಸೋಮಲ್ಲಿ (ಕೋಶದ ಜೀರ್ಣ ಮಾಡೋ ಚೀಲ) ಜೀರ್ಣ ಆದ್ಮೇಲೇ ವಿಷ ಬಿಡೋದು, ಹಾಗಾಗಿ ಮೈಮೇಲೆ ಹರ್‌-2 ಕಮ್ಮಿ ಇದ್ರೆ ಒಳಗೆ ಹೋಗೋ ವಿಷಾನೂ ಕಮ್ಮಿ. ಮೂರನೇ ದಿನ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಎಸ್‌ಕೆ-ಬಿಆರ್-3 ಕೋಶಗಳು ಗುಂಡಗಾಗಿ ತೇಲ್ತಿದ್ವು, ಅದೇ ಡೋಸಲ್ಲಿ ಎಂಸಿಎಫ್-7 ಮಾತ್ರ ತನ್ನ ಪಾಡಿಗೆ ಗುಂಪುಗುಂಪಾಗಿ ಬೆಳೀತಾನೇ ಇತ್ತು.

ನನ್ನ ಮನಸ್ಸಲ್ಲಿ ಉಳಿದಿದ್ದು ಮುಂದಿನ ಪ್ರಯೋಗ. ಎಂಸಿಎಫ್-7ಗೆ ಗುರುತಿಗೆ ಹಸಿರಾಗಿ ಹೊಳೆಯೋ ಪ್ರೋಟೀನ್ ಹಾಕಿ ಎರಡನ್ನೂ ಒಂದೇ ಪ್ಲೇಟಲ್ಲಿ ಬೆರೆಸಿದೆ, ನಿಜವಾದ ಗಡ್ಡೆಯಲ್ಲೂ ಜಾಸ್ತಿ ಇರೋವು ಕಮ್ಮಿ ಇರೋವು ಹೀಗೇ ಅಕ್ಕಪಕ್ಕ ಇರ್ತವಲ್ಲ. ಟಿ-ಡಿಎಂ1 ಕೊಟ್ಟ ಪ್ಲೇಟಲ್ಲಿ ಕೊನೆಗೆ ಉಳಿದಿದ್ದು ಹೆಚ್ಚುಕಮ್ಮಿ ಎಲ್ಲಾ ಹಸಿರೇ. ಅದೇ ಆಂಟಿಬಾಡಿಗೆ ಬೇರೆ ವಿಷ ಕಟ್ಟಿರೋ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕ್ಯಾನ್ ಕೊಟ್ಟ ಪ್ಲೇಟಲ್ಲಿ ಹಸಿರೂ ಇಳೀತು, ಯಾಕಂದ್ರೆ ಅದರ ವಿಷ ಸತ್ತ ಕೋಶದಿಂದ ಆಚೆ ಬಂದು ಪೊರೆ ದಾಟಿ ಪಕ್ಕದ ಕೋಶಾನೂ ಕೊಲ್ಲತ್ತೆ, ಜೊತೆಗೆ ಒಂದು ಆಂಟಿಬಾಡಿಗೆ ಸುಮಾರು 8 ವಿಷದ ಅಣು, ಟಿ-ಡಿಎಂ1ನಲ್ಲಿ ಸರಾಸರಿ 3.5.

2022ರ ಡೆಸ್ಟಿನಿ-ಬ್ರೆಸ್ಟ್04 ಟ್ರಯಲಲ್ಲಿ ಹರ್‌-2 ಕಮ್ಮಿ ಇರೋ, ಅಂದ್ರೆ ಲ್ಯಾಬಲ್ಲಿ ಬಣ್ಣ ಹಾಕಿ ನೋಡಿ 0 ಇಂದ 3+ ತನಕ ಕೊಡೋ ಅಂಕದಲ್ಲಿ 1+, ಅಥವಾ ಫಿಶ್ (ಹರ್‌-2 ಜೀನ್ ಎಷ್ಟಿದೆ ಅಂತ ನೋಡೋ ಟೆಸ್ಟ್) ನೆಗೆಟಿವ್ ಬಂದ 2+ ಇರೋ ರೋಗಿಗಳಿಗೆ ಇದೇ ಔಷಧಿ ಕೊಟ್ಟಾಗ ಕಾಯಿಲೆ ಮುಂದುವರಿಯದೆ ನಿಂತ ಅವಧಿ 9.9 ತಿಂಗಳು, ಮಾಮೂಲಿ ಕೀಮೋದಲ್ಲಿ 5.1. ಅದಕ್ಕೆ ಮುಂಚೆ ಇವರೆಲ್ಲರ ರಿಪೋರ್ಟಲ್ಲಿ 'ನೆಗೆಟಿವ್' ಅಂತಾನೇ ಬರೀತಿದ್ರು, ಅದನ್ನ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗತ್ತೆ.

ಈ ಕೆಲಸ ಶುರು ಮಾಡೋರು ಡ್ರಗ್ ಹಾಕೋ ದಿನವೇ, ಅದೇ ಫ್ಲಾಸ್ಕಿನ ಕೋಶಗಳಲ್ಲೇ ಹರ್‌-2 ಅಳೀರಿ. ಸರಾಸರಿ ಒಂದನ್ನೇ ಬರ್ಕೋಬೇಡಿ, ಹಿಸ್ಟೋಗ್ರಾಮಿನ ಎಡಗಡೆ ಬಾಲಾನೂ, ಅಂದ್ರೆ ಹರ್‌-2 ತೀರಾ ಕಮ್ಮಿ ಇರೋ ಕೋಶಗಳನ್ನೂ ನೋಡಿ, ಐದು ದಿನ ಆದ್ಮೇಲೆ ನನ್ನ ಪ್ಲೇಟಲ್ಲಿ ಬದುಕಿದ್ದವು ಜಾಸ್ತಿ ಅಲ್ಲಿಯವೇ.