ಕಾರ್ ಶೆಡ್ಡಿನ ವರ್ಕ್‌ಶಾಪಿಗೆ ಕರೆಂಟ್ ಎಳೆಸಿದ್ದು ಹೀಗೆ

ಬೆಂಗಳೂರಿನ 30x40 ಸೈಟಿನ ಮನೆ ನಮ್ಮದು. ಕೆಳಗೆ ಕಾರು ನಿಲ್ಲಿಸುವ ಜಾಗವನ್ನು ಮರಗೆಲಸಕ್ಕೆ ಇಟ್ಟುಕೊಂಡಿದ್ದೇನೆ. ಗರಗಸದ ಮೆಷಿನ್, ಡ್ರಿಲ್, ಹೊಟ್ಟು ಎಳೆಯುವ ಬ್ಲೋವರ್, ಒಂದು ಕಂಪ್ರೆಸರ್. ಇವನ್ನು ತರುವುದಕ್ಕೆ ಮೊದಲೇ ಕರೆಂಟಿನ ಲೆಕ್ಕ ಮುಗಿಸಿಕೊಂಡೆ. ಹಲಗೆ ಕುಯ್ಯುವಾಗ ಕೈಗೂ ಬ್ಲೇಡಿಗೂ ಗೇಣು ದೂರ. ಆ ಹೊತ್ತಿನಲ್ಲಿ ಶಾಕ್ ಹೊಡೆದರೂ ಕಷ್ಟ, ದೀಪ ಆರಿದರೂ ಕಷ್ಟ. ಮನೆಯ ವೈರಿಂಗಿಗಿಂತ ಇಲ್ಲಿ ಜಾಸ್ತಿ ಯೋಚನೆ ಬೇಕು.

ಮೊದಲು ಕೈಗೆತ್ತಿಕೊಂಡಿದ್ದು ಬೆಸ್ಕಾಂ ಬಿಲ್ಲು. ಮಂಜೂರಾದ ಲೋಡ್ ಎಷ್ಟೆಂದು ಅದರಲ್ಲೇ ಇರುತ್ತದೆ. ನಮ್ಮದು 3 ಕಿಲೋವ್ಯಾಟ್, ಸಿಂಗಲ್ ಫೇಸ್. ಇನ್ನು ಮೆಷಿನ್‌ಗಳ ಲೆಕ್ಕ. ಒಟ್ಟಿಗೆ ಯಾವುವು ಓಡುತ್ತವೆ ಎಂದು ನೋಡಬೇಕು, ಅಷ್ಟೇ. ಒಬ್ಬನೇ ಕೆಲಸ ಮಾಡುವಾಗ ಗರಗಸ, ಡ್ರಿಲ್ ಎರಡೂ ಓಡುವುದಿಲ್ಲ. ಗರಗಸದ ಜೊತೆ ಬ್ಲೋವರ್ ಮಾತ್ರ ಓಡಲೇಬೇಕು. ಕಂಪ್ರೆಸರ್ ಅಂತೂ ಟ್ಯಾಂಕಿನಲ್ಲಿ ಗಾಳಿ ಇಳಿದ ಕೂಡಲೇ ತಾನೇ ಶುರುವಾಗುತ್ತದೆ. ಗರಗಸಕ್ಕೆ 1,800 ವ್ಯಾಟ್, ಬ್ಲೋವರಿಗೆ ಸುಮಾರು 1,100, 2 ಎಚ್‌ಪಿ ಕಂಪ್ರೆಸರಿಗೆ 1,900ರ ಹತ್ತಿರ. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟರ್ ಕೊಡುವ ಶಕ್ತಿ. ಲೈನಿನಿಂದ ಅದು ಎಳೆಯುವುದು ಇನ್ನೂ ಜಾಸ್ತಿ. ಅಲ್ಲಿಗೇ 4,800 ಆಯಿತು, ಮೇಲೆ ಮನೆಯ ಗೀಸರ್, ನೀರಿನ ಪಂಪ್. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಲಿ ಅರ್ಜಿ ಹಾಕಿಸಿ, ಲೋಡ್ ಏರಿಸಿ ತ್ರೀ ಫೇಸ್ ಮಾಡಿಸಿಕೊಂಡೆ. ನಿಗದಿತ ಶುಲ್ಕ ಲೋಡಿನ ಮೇಲೆ ಬೀಳುವುದರಿಂದ ತಿಂಗಳ ಬಿಲ್ ಸ್ವಲ್ಪ ಏರುತ್ತದೆ. ಏರಲಿ ಬಿಡಿ.

ಮನೆಗೆ ಒಂದು ಫೇಸ್, ಗರಗಸ-ಬ್ಲೋವರ್-ಡ್ರಿಲ್ಲಿಗೆ ಒಂದು, ಕಂಪ್ರೆಸರಿಗೆ ಒಂದು. ಕಂಪ್ರೆಸರನ್ನು ಬೇರೆ ಮೂಲೆಗೆ ಹಾಕಿದೆ. ಬೇರೆ ಬೇರೆ ಫೇಸಿನ ಎರಡು ಪಾಯಿಂಟ್ ಅಕ್ಕಪಕ್ಕ ಇದ್ದರೆ ಅವುಗಳ ನಡುವೆ 400 ವೋಲ್ಟ್ ಇರುತ್ತದೆ, 230 ಅಲ್ಲ. ಶೆಡ್ಡಿಗೇ ಒಂದು ಡಿಬಿ, ಅಂದರೆ ಲೈನ್‌ಗಳನ್ನು ಹಂಚುವ ಪೆಟ್ಟಿಗೆ. ಒಂದೊಂದು ಮೆಷಿನ್ನಿಗೂ ಪ್ರತ್ಯೇಕ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು (ಟ್ರಿಪ್ ಆಗಿ) ಲೈನ್ ಕಡಿಯುವ ಸ್ವಿಚ್. ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಎಲ್ಲವೂ ಒಂದೇ ಕಡೆ ಸಿಕ್ಕಿತು.

ಎಂಸಿಬಿ ವಿಷಯಕ್ಕೆ ಎಲೆಕ್ಟ್ರಿಷಿಯನ್ ಕೇಳಿದರು, “ಸಾರ್, 32 ಆಂಪಿಯರ್‌ದು ಹಾಕ್ಬಿಡ್ಲಾ? ಮೋಟರ್ ಅಲ್ವಾ, ಟ್ರಿಪ್ ಆಗೋ ತಲೆನೋವೇ ಇರಲ್ಲ.”

“ಬೇಡಪ್ಪ, 16ರದ್ದೇ ಹಾಕಿ. ಸಿ ಟೈಪ್ ಹಾಕಿ,” ಅಂದೆ.

ಎಂಸಿಬಿ ಕಾಯುವುದು ವೈರನ್ನು. ಗೋಡೆಯೊಳಗಿನ 2.5 ಸ್ಕ್ವೇರ್ ಎಂಎಂ ವೈರಿಗೆ 32 ಹಾಕಿದರೆ, ವೈರ್ ಸುಟ್ಟರೂ ಅದು ಬೀಳುವುದಿಲ್ಲ. ಗರಗಸ ಓಡುವಾಗ ಎಳೆಯುವುದು 8ರಿಂದ 10 ಆಂಪಿಯರ್. ಶುರುವಾಗುವ ಕ್ಷಣಕ್ಕೆ ಮಾತ್ರ ಅದರ ಐದಾರು ಪಟ್ಟು. ಬಿ ಟೈಪ್ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟಿಗೇ ತಟ್ಟನೆ ಬೀಳುತ್ತದೆ, ಸಿ ಟೈಪ್ 5ರಿಂದ 10 ಪಟ್ಟಿಗೆ. ಹಾಗಾಗಿ ಟೈಪ್ ಬದಲಾಯಿಸಿದರೆ ಸಾಕು, ಆಂಪಿಯರ್ ಏರಿಸಬೇಕಾಗಿಲ್ಲ.

ಅರ್ಥಿಂಗ್ ಇದೆಯಲ್ಲ, ಎಂಸಿಬಿ ಇದೆಯಲ್ಲ, ಆರ್‌ಸಿಸಿಬಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ ಅದು. ಲೆಕ್ಕ ಹಾಕಿ ನೋಡಿ. ಗರಗಸದ ಕಬ್ಬಿಣದ ಮೈಗೆ ಫೇಸ್ ತಗುಲಿತು ಅಂದುಕೊಳ್ಳಿ. ಭೂಮಿಯ ದಾರಿಯ ಒಟ್ಟು ತಡೆ 10 ಓಮ್ ಇದ್ದರೆ ಹರಿಯುವುದು 23 ಆಂಪಿಯರ್. 16ರ ಎಂಸಿಬಿ ಇಷ್ಟಕ್ಕೆ ಬೀಳಲು ಒಂದು ಗಂಟೆವರೆಗೂ ಹಿಡಿಯಬಹುದು. ಅಷ್ಟೂ ಹೊತ್ತು ಮೆಷಿನ್ನಿನ ಮೈಯಲ್ಲಿ ಕರೆಂಟ್! ಅದೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಶೆಡ್ಡಿನ ಎರಡು ಫೇಸಿಗೂ ಬೇರೆ ಬೇರೆ ಆರ್‌ಸಿಸಿಬಿ ಹಾಕಿಸಿದೆ. ಅರ್ಥ್ ಗುಂಡಿ ಹೊಸದಾಗಿ ತೋಡಿಸಿದ್ದೇವೆ. ಏಪ್ರಿಲ್ ಬಿಸಿಲಿಗೆ ಮಣ್ಣು ಒಣಗಿ ಅರ್ಥ್ ಸೋಲುತ್ತದೆ, ಅದಕ್ಕೆ ಬೇಸಿಗೆಯಲ್ಲಿ ನೀರು ಹಾಕುತ್ತಿರುತ್ತೇನೆ.

ಇದಕ್ಕಿಂತ ನನ್ನ ತಲೆ ತಿಂದದ್ದು ಇನ್ನೊಂದು ಸಂಗತಿ. ಮೇ ತಿಂಗಳ ಸಂಜೆ ಗುಡುಗು ಬಂತು, ಕರೆಂಟ್ ಹೋಯಿತು. ಗರಗಸ ನಿಂತಿತು. ಸ್ವಿಚ್ ಮಾತ್ರ ಆನ್‌ನಲ್ಲೇ ಇದೆ. ಸಿಕ್ಕಿಕೊಂಡ ತುಂಡನ್ನು ಬಿಡಿಸಲು ಬ್ಲೇಡಿನ ಹತ್ತಿರ ಕೈ ಹಾಕಿದೆವು ಅನ್ನಿ, ಅಷ್ಟರಲ್ಲಿ ಕರೆಂಟ್ ಬಂತು. ನೆನೆಸಿಕೊಂಡರೇ ಎದೆ ಝಲ್ ಅನ್ನುತ್ತದೆ. ನೀರಿನ ಪಂಪಿನ ಸ್ಟಾರ್ಟರ್ ನೋಡಿದ್ದೀರಲ್ಲ, ಕರೆಂಟ್ ಹೋಗಿ ಬಂದರೆ ಹಸಿರು ಗುಂಡಿ ಮತ್ತೆ ಒತ್ತಬೇಕು. ಅದೇ ಏರ್ಪಾಡನ್ನು ಇಡೀ ಶೆಡ್ಡಿಗೆ ಮಾಡಿಸಿದೆ. ಡಿಬಿಯಲ್ಲಿ ಒಂದು ಕಾಂಟ್ಯಾಕ್ಟರ್, ಅಂದರೆ ಕಾಯಿಲ್‌ನ ಅಯಸ್ಕಾಂತದಿಂದ ಕೆಲಸ ಮಾಡುವ ಸ್ವಿಚ್. ಹಸಿರು ಗುಂಡಿ ಒತ್ತಿದರೆ ಅದರ ಕಾಯಿಲ್ ಎಳೆದು ಹಿಡಿಯುತ್ತದೆ, ಕರೆಂಟ್ ಹೋದರೆ ಬಿಡುತ್ತದೆ. ಕರೆಂಟ್ ವಾಪಸ್ ಬಂದರೂ ಸುಮ್ನೆ ಇರುತ್ತದೆ. ಇದೇ ಲೈನಿನಲ್ಲಿ ಎರಡು ದೊಡ್ಡ ಕೆಂಪು ಗುಂಡಿಗಳಿವೆ. ಒಂದು ಬಾಗಿಲ ಹತ್ತಿರ, ಇನ್ನೊಂದು ಗರಗಸದ ಮುಂದೆ ಮೊಣಕಾಲಿಗೆ ತಾಗುವ ಎತ್ತರದಲ್ಲಿ. ಕೈ ಎರಡೂ ಹಲಗೆ ಮೇಲಿದ್ದಾಗ ಕಾಲೇ ಗತಿ. ಹಸಿರು ಒತ್ತುವ ಮೊದಲು ಎಲ್ಲ ಮೆಷಿನ್‌ಗಳ ಸ್ವಿಚ್ಚೂ ಆಫ್ ಇದೆಯಾ ಎಂದು ಒಂದು ಸುತ್ತು ನೋಡಬೇಕು. ಇದನ್ನು ಯಾವ ಉಪಕರಣವೂ ನಮಗಾಗಿ ಮಾಡುವುದಿಲ್ಲ.

ಕರೆಂಟ್ ಹೋದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಆಗ ಕತ್ತಲಾಗಬಾರದು. ಅದಕ್ಕೇ ಶೆಡ್ಡಿನ ದೀಪಗಳನ್ನು ಮನೆಯ ಯುಪಿಎಸ್‌ಗೆ ಸೇರಿಸಿದೆವು. ಸೇರಿಸಿದ ದಿನವೇ, ದೀಪ ಹಾಕಿದರೆ ಆರ್‌ಸಿಸಿಬಿ ಬೀಳತೊಡಗಿತು. ಹತ್ತಿರ ಇದೆಯೆಂದು ಎಲೆಕ್ಟ್ರಿಷಿಯನ್ ದೀಪದ ನ್ಯೂಟ್ರಲನ್ನು ಶೆಡ್ಡಿನ ಡಿಬಿಗೆ ಕಟ್ಟಿದ್ದರು. ಆರ್‌ಸಿಸಿಬಿ ಫೇಸಿನಲ್ಲಿ ಹೋದದ್ದನ್ನೂ ನ್ಯೂಟ್ರಲಿನಲ್ಲಿ ಬಂದದ್ದನ್ನೂ ತೂಗಿ ನೋಡುತ್ತದೆ. ಒಟ್ಟು 60 ವ್ಯಾಟಿನ ದೀಪಗಳ 260 ಮಿಲಿಆಂಪಿಯರ್ ಮನೆಯಿಂದ ಹೊರಟು ಇಲ್ಲಿ ಬಂದು ಸೇರುತ್ತಿತ್ತು. ಅದು ತಾಳುವುದು 30. ನ್ಯೂಟ್ರಲನ್ನು ವಾಪಸ್ ಮನೆಯಿಂದಲೇ ಎಳೆದ ಮೇಲೆ ಸರಿಹೋಯಿತು. ದೀಪ ಕೊಳ್ಳುವಾಗಲೂ ಅಗ್ಗದ ಎಲ್‌ಇಡಿ ಬೇಡ. ಕೆಲವು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆ ಬೆಳಕಿನಲ್ಲಿ ತಿರುಗುವ ಬ್ಲೇಡು ನಿಂತಂತೆ ಕಾಣಬಹುದು.

ಪಾಯಿಂಟ್‌ಗಳನ್ನು ಸೊಂಟದ ಮೇಲೆ ಇಡಿಸಿದೆ, ನೆಲದ ಮೇಲೆ ವೈರ್ ಹರಿದಾಡುವುದಿಲ್ಲ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುತ್ತೇನೆ. ಮೇನ್ ಆಫ್ ಮಾಡಿ ಡಿಬಿಯ ಹೊಟ್ಟನ್ನು ಬ್ರಷ್ಷಿನಲ್ಲಿ ಗುಡಿಸುತ್ತೇನೆ. ಮುಂದೆ ಹಲಗೆ ಹೆರೆದು ನುಣುಪು ಮಾಡುವ ತ್ರೀ ಫೇಸ್ ಪ್ಲೇನರ್ ತರುವ ಆಸೆ ಇದೆ. ಅದಕ್ಕೆಂದು ಡಿಬಿಯಲ್ಲಿ ಮೂರು ಎಂಸಿಬಿಯಷ್ಟು ಜಾಗ ಬಿಟ್ಟು, ಗೋಡೆಯಲ್ಲಿ ಒಂದು ಖಾಲಿ ಪೈಪನ್ನೂ ಈಗಲೇ ಹಾಕಿಸಿದ್ದೇನೆ.